ಎಂಜಿನಿಯರಿಂಗ್ ಮೊದಲ ವರ್ಷ: ಯಾರೂ ಕರೆದು ಹೇಳದ ಲೆಕ್ಕಗಳು

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಓದುಗರು ಕೇಳುವ ಪ್ರಶ್ನೆಗಳು ಪ್ರತಿವರ್ಷವೂ ಹೆಚ್ಚುಕಡಿಮೆ ಅವೇ. ಊರು ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹೋಗುತ್ತಿದ್ದೇನೆ, ಹೊಂದಿಕೊಳ್ಳಲು ಆಗುತ್ತದೆಯೇ? ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಕಷ್ಟವಾಗುತ್ತದೆಯೇ? ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು? ಮೂರನೆಯ ಪ್ರಶ್ನೆಗೆ ಉತ್ತರ ಸುಲಭ: ಸದ್ಯಕ್ಕೆ ಯಾವುದೂ ಬೇಡ. ಉಳಿದ ಎರಡಕ್ಕೆ ಈ ಲೇಖನ.

ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಪದವಿ ವಿಟಿಯುವಿನದೇ ಆದರೂ ಪ್ರಶ್ನೆಪತ್ರಿಕೆ, ವೇಳಾಪಟ್ಟಿ, ಇಂಟರ್ನಲ್ಸ್ (ಸೆಮಿಸ್ಟರ್ ನಡುವೆ ಕಾಲೇಜೇ ಕೊಡುವ ಅಂಕ) ಹಂಚಿಕೆಯನ್ನು ಕಾಲೇಜೇ ನಿರ್ಧರಿಸುತ್ತದೆ. ಖಾಸಗಿ ವಿಶ್ವವಿದ್ಯಾಲಯವಾದರೆ ನಿಯಮಗಳೇ ಬೇರೆ. ಅಂಥವರು ಇಲ್ಲಿನ ಅಂಕಿಗಳನ್ನು ಬಿಟ್ಟು ಕ್ರಮವನ್ನು ಮಾತ್ರ ತೆಗೆದುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷದಲ್ಲಿ ಎಡವುವವರು ದಡ್ಡರಾಗಿರುವುದಿಲ್ಲ. ಪಿಯುಸಿಯಲ್ಲಿ ಮನೆಯವರು, ಉಪನ್ಯಾಸಕರು, ಟ್ಯೂಷನ್ ಮೇಷ್ಟ್ರು ಎಲ್ಲರೂ ಬೆನ್ನು ಹತ್ತಿ ಓದಿಸಿರುತ್ತಾರೆ. ಇಲ್ಲಿ ಹಾಜರಿ ಕುಸಿಯುತ್ತಿದೆ ಎಂದು ಯಾರೂ ಕರೆದು ಹೇಳುವುದಿಲ್ಲ. ಕುಸಿದ ಮೇಲೆ ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸುತ್ತಾರೆ. ಆದ್ದರಿಂದ ಮೊದಲ ತಿಂಗಳಲ್ಲಿ ಪಾಠದಷ್ಟೇ ಶ್ರದ್ಧೆಯಿಂದ ನಿಯಮಗಳನ್ನೂ ಓದಬೇಕು.

1. ಹೊರಡುವ ಮುನ್ನ: ಕಾಗದಪತ್ರಗಳ ಕಡತ

ಒಂದು ಗಟ್ಟಿ ಫೈಲು ಕೊಂಡು ಅದರಲ್ಲಿ ಇವಿಷ್ಟನ್ನು ಜೋಡಿಸಿ: ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಸಿಇಟಿ ಪ್ರವೇಶಪತ್ರ ಮತ್ತು ಸೀಟು ಹಂಚಿಕೆಯ ಆದೇಶ, ಶುಲ್ಕ ಕಟ್ಟಿದ ರಸೀದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಗ್ರಾಮೀಣ, ಕನ್ನಡ ಮಾಧ್ಯಮ ಅಥವಾ 371(ಜೆ), ಅಂದರೆ ಕಲ್ಯಾಣ ಕರ್ನಾಟಕದ, ಮೀಸಲಾತಿಯಲ್ಲಿ ಸೀಟು ಪಡೆದವರು ಅದಕ್ಕೆ ಸಂಬಂಧಿಸಿದ ಪ್ರಮಾಣಪತ್ರಗಳನ್ನೂ ಸೇರಿಸಿ. ಪ್ರತಿಯೊಂದನ್ನೂ ನಾಲ್ಕು ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಸಾಲದು, ಸರಿಯಾಗಿ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎರಡು. ಮೊದಲನೆಯದು, ಮೂಲ ದಾಖಲೆಗಳನ್ನು ಕೊಟ್ಟು ಸ್ವೀಕೃತಿ ಪತ್ರ ಪಡೆಯದೆ ಬರುವುದು. ಪರಿಶೀಲನೆಗೆ ಮೂಲಪ್ರತಿ ತೋರಿಸಲೇಬೇಕು. ಆದರೆ ಕಾಲೇಜು ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. ಇಟ್ಟುಕೊಂಡರೆ ಯಾವ ಯಾವ ದಾಖಲೆ ಎಂದು ಬರೆಸಿ, ಮುದ್ರೆ ಹಾಕಿಸಿಕೊಂಡೇ ಬನ್ನಿ. ಎರಡನೆಯದು, ಹೆಸರಿನ ವ್ಯತ್ಯಾಸ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಬುಕ್ಕಿನಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಮುಂದೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಊರಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಸೆಮಿಸ್ಟರ್ ನಡುವೆ ಇದಕ್ಕಾಗಿ ಊರಿಗೆ ಓಡಿದರೆ ಹಾಜರಿ ಹೋಗುತ್ತದೆ.

2. ಇರಲೊಂದು ಜಾಗ

ಕಾಲೇಜು ಹಾಸ್ಟೆಲ್ ಸಿಕ್ಕರೆ ಮೊದಲ ವರ್ಷ ಅಲ್ಲೇ ಇರಿ. ಊಟ ಸುಮಾರಾಗಿರಬಹುದು, ಕೊಠಡಿಯಲ್ಲಿ ಮೂವರು ಇರಬಹುದು; ಆದರೆ ಲ್ಯಾಬ್ ರೆಕಾರ್ಡ್ ಯಾವತ್ತು ಕೊಡಬೇಕು, ಯಾವ ಅಧ್ಯಾಯ ಇಂಟರ್ನಲ್ಸಿಗೆ ಇದೆ ಎಂಬ ಸುದ್ದಿ ಅಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ. ಹೊಸಬರಿಗೆ ಅದಕ್ಕಿಂತ ದೊಡ್ಡ ಅನುಕೂಲವಿಲ್ಲ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಪ್ರವೇಶ ಪಡೆದ ಕೂಡಲೇ ಅರ್ಜಿ ಹಾಕಿ. ದೊಡ್ಡ ಊರುಗಳಲ್ಲಿ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿನಿಲಯಗಳೂ ಇವೆ. ಅವುಗಳ ಬಗ್ಗೆ ಊರಿನ ಹಿರಿಯರನ್ನು ವಿಚಾರಿಸುವುದೇ ಸರಿಯಾದ ದಾರಿ.

ಪಿಜಿ ಹಿಡಿಯುವುದಾದರೆ ಕೊಠಡಿ ನೋಡುವ ಮುಂಚೆ ಅಲ್ಲಿ ಈಗ ಇರುವ ಹುಡುಗರನ್ನೋ ಹುಡುಗಿಯರನ್ನೋ ಮಾತನಾಡಿಸಿ. ಮಾಲೀಕರನ್ನು ಕೇಳಬೇಕಾದದ್ದು ಇಷ್ಟು: ಅಡ್ವಾನ್ಸ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ, ಬಿಡುವ ಮುನ್ನ ಎಷ್ಟು ದಿನ ಮೊದಲು ತಿಳಿಸಬೇಕು, ಮೇಂಟೆನೆನ್ಸ್ ಹೆಸರಿನಲ್ಲಿ ಎಷ್ಟು ಹಿಡಿಯುತ್ತಾರೆ, ಬೆಳಗಿನ ತಿಂಡಿ ಎಷ್ಟು ಗಂಟೆಗೆ ಸಿದ್ಧವಿರುತ್ತದೆ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಎಂಟೂವರೆಗೆ ತರಗತಿ, ಎಂಟೂಕಾಲಿಗೆ ತಿಂಡಿ ಎಂದಾದರೆ ವರ್ಷವಿಡೀ ಖಾಲಿ ಹೊಟ್ಟೆಯಲ್ಲಿ ಪಾಠ ಕೇಳಬೇಕಾಗುತ್ತದೆ. ಉತ್ತರಗಳನ್ನು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ಬಾಡಿಗೆ ಕಡಿಮೆ ಎಂದು ದೂರ ಹೋಗಬೇಡಿ. ಬೆಂಗಳೂರಿನಲ್ಲಿ ಎಂಟು ಕಿಲೋಮೀಟರ್ ಎಂದರೆ ಎಂಟು ನಿಮಿಷವೂ ಅಲ್ಲ, ಹದಿನೆಂಟು ನಿಮಿಷವೂ ಅಲ್ಲ.

ವಿದ್ಯಾರ್ಥಿ ಬಸ್ ಪಾಸಿಗೆ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ರಾಜ್ಯದ ವಿದ್ಯಾರ್ಥಿನಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಗುರುತಿನ ಚೀಟಿ ಜೊತೆಗಿದ್ದರೆ ಸಾಕು.

ಊಟದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಗಲಕೋಟೆಯ ಹುಡುಗನಿಗೆ ಮೂರು ಹೊತ್ತೂ ಅನ್ನ, ಕುಂದಾಪುರದ ಹುಡುಗಿಗೆ ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅನ್ನ ಎಂದರೆ ಮೊದಲ ಹದಿನೈದು ದಿನ ಊರಿನ ನೆನಪು ಹೊಟ್ಟೆಯಿಂದಲೇ ಏಳುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ವಾರಗಟ್ಟಲೆ ಕೆಡುವುದಿಲ್ಲ. ಹೊರಡುವಾಗ ಅಮ್ಮ ಕಟ್ಟಿಕೊಟ್ಟರೆ ‘ಅಲ್ಲಿ ಎಲ್ಲ ಸಿಗುತ್ತದೆ’ ಎಂದು ಬಿಟ್ಟುಬರಬೇಡಿ.

3. ಮೊದಲ ವಾರ: ಸ್ಕೀಮ್, ಸೈಕಲ್, ಯುಎಸ್‌ಎನ್

ಮೊದಲಿಗೆ ಇಂಡಕ್ಷನ್ ಕಾರ್ಯಕ್ರಮ ಇರುತ್ತದೆ. ಭಾಷಣಗಳು ಬೇಸರ ತರಿಸುತ್ತವೆ, ನಿಜ. ಆದರೂ ತಪ್ಪಿಸಬೇಡಿ. ವಿಭಾಗಗಳು ಎಲ್ಲಿವೆ, ಪರೀಕ್ಷಾ ವಿಭಾಗದ ಕಿಟಕಿ ಯಾವುದು, ನಿಮ್ಮ ಮೆಂಟರ್ ಯಾರು ಎಂಬುದು ಆ ದಿನಗಳಲ್ಲೇ ತಿಳಿಯುತ್ತದೆ. ಮೆಂಟರ್ ಎಂದರೆ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳಲು ಗೊತ್ತುಮಾಡಿದ ಅಧ್ಯಾಪಕರು. ಕೆಲವು ಕಡೆ ಪ್ರಾಕ್ಟರ್ ಎನ್ನುತ್ತಾರೆ. ಮೊದಲ ವಾರವೇ ಹೋಗಿ ನಮಸ್ಕಾರ ಹೇಳಿ, ಯಾವ ಊರು ಎಂದು ಪರಿಚಯ ಮಾಡಿಕೊಳ್ಳಿ. ತೊಂದರೆಯಾದಾಗ ಮೊದಲ ಸಲ ಮುಖ ತೋರಿಸುವುದಕ್ಕೂ ಮೊದಲೇ ಗುರುತಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಈಗ ಕೆಲವು ಪದಗಳು. ಸ್ಕೀಮ್ ಎಂದರೆ ನೀವು ಪ್ರವೇಶ ಪಡೆದ ವರ್ಷಕ್ಕೆ ಅನ್ವಯಿಸುವ ಪಠ್ಯಕ್ರಮ ಮತ್ತು ನಿಯಮಾವಳಿ. ಪಿ ಸೈಕಲ್, ಸಿ ಸೈಕಲ್ ಎಂದರೆ ಮೊದಲ ವರ್ಷದ ವಿಷಯಗಳ ಎರಡು ಗುಂಪು: ಒಂದರಲ್ಲಿ ಭೌತವಿಜ್ಞಾನ, ಇನ್ನೊಂದರಲ್ಲಿ ರಸಾಯನವಿಜ್ಞಾನ. ಅರ್ಧ ತರಗತಿಗಳು ಮೊದಲ ಸೆಮಿಸ್ಟರ್‌ನಲ್ಲಿ ಒಂದನ್ನು ಓದಿದರೆ ಉಳಿದವು ಇನ್ನೊಂದನ್ನು. ಎರಡನೆಯ ಸೆಮಿಸ್ಟರ್‌ನಲ್ಲಿ ಅದಲುಬದಲು. ಯುಎಸ್‌ಎನ್ ಎಂದರೆ ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ. ಅದರ ಮೊದಲ ಅಂಕಿ ಪ್ರದೇಶ (1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು), ನಂತರದ ಎರಡು ಅಕ್ಷರ ಕಾಲೇಜು, ಆಮೇಲೆ ಪ್ರವೇಶದ ವರ್ಷ, ವಿಭಾಗ, ಕ್ರಮಸಂಖ್ಯೆ. ನಾಲ್ಕು ವರ್ಷ ನಿಮ್ಮ ಹೆಸರಿಗಿಂತ ಹೆಚ್ಚು ಬಾರಿ ಅದನ್ನೇ ಬರೆಯುತ್ತೀರಿ.

ವಿಟಿಯು ಜಾಲತಾಣದಿಂದ ನಿಮ್ಮ ಸ್ಕೀಮ್‌ನ ಪಠ್ಯಕ್ರಮವನ್ನು ಇಳಿಸಿಕೊಂಡು ನಿಮ್ಮ ವಿಷಯಗಳ ಪುಟಗಳನ್ನಷ್ಟೇ ಮುದ್ರಿಸಿಕೊಳ್ಳಿ. ವಿಷಯದ ಕೋಡ್ ಅನ್ನು ಅಕ್ಷರ ಅಕ್ಷರ ನೋಡಿ. 2022ರ ಸ್ಕೀಮ್‌ನಿಂದ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸ್ಟ್ರೀಮ್‌ಗಳಿಗೆ ಗಣಿತ, ಭೌತವಿಜ್ಞಾನ ಪಠ್ಯಗಳು ಬೇರೆ ಬೇರೆಯಾಗಿವೆ. ಪಕ್ಕದ ಕೊಠಡಿಯ ಸೀನಿಯರ್ ಕೊಟ್ಟ ಹಳೆಯ ನೋಟ್ಸಿನಲ್ಲಿ ನಿಮಗೆ ಇಲ್ಲದ ಅಧ್ಯಾಯವಿರಬಹುದು, ಇರಬೇಕಾದದ್ದು ಇಲ್ಲದಿರಬಹುದು. ಪುಕ್ಕಟೆ ಸಿಕ್ಕಿತೆಂದು ಕಣ್ಣುಮುಚ್ಚಿ ಓದಬೇಡಿ.

ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕಿ ತಡವಾಗಿ ಸೇರಿದವರು ಗಮನಿಸಿ: ಅಷ್ಟರಲ್ಲಿ ಒಂದು ಮಾಡ್ಯೂಲ್, ಅಂದರೆ ಪಠ್ಯದ ಐದು ಭಾಗಗಳಲ್ಲಿ ಒಂದು, ಮುಗಿದಿರಬಹುದು. ನಿಮ್ಮ ಹಾಜರಿಯನ್ನು ಯಾವ ದಿನದಿಂದ ಎಣಿಸುತ್ತಾರೆ ಎಂದು ಮೆಂಟರ್ ಹತ್ತಿರ ಕೇಳಿಕೊಳ್ಳಿ, ತಪ್ಪಿಹೋದ ಪಾಠದ ನೋಟ್ಸನ್ನು ಒಬ್ಬರಿಂದಲೇ ಪೂರ್ತಿ ಪಡೆಯಿರಿ.

4. ಅಂಕ ಮತ್ತು ಹಾಜರಿಯ ಲೆಕ್ಕ

ಇದನ್ನು ಎರಡು ಸಲ ಓದಿ. ಇಲ್ಲಿ ಕೊಟ್ಟಿರುವುದು 2022ರ ಸ್ಕೀಮ್‌ನ ಲೆಕ್ಕ. ನಿಮ್ಮದು ಬೇರೆ ಸ್ಕೀಮ್ ಆದರೆ ಅಂಕಿಗಳನ್ನು ಅದರ ನಿಯಮಾವಳಿಯೊಂದಿಗೆ ಹೋಲಿಸಿಕೊಳ್ಳಿ.

ಪ್ರತಿ ಥಿಯರಿ ವಿಷಯಕ್ಕೆ 100 ಅಂಕ. ಅದರಲ್ಲಿ 50 ಅಂಕ ಸಿಐಇ, ಅಂದರೆ ಸೆಮಿಸ್ಟರ್ ಉದ್ದಕ್ಕೂ ಕಾಲೇಜೇ ಕೊಡುವ ಅಂಕ. ಬಾಯಿಮಾತಿನಲ್ಲಿ ಇಂಟರ್ನಲ್ಸ್. ಉಳಿದ 50 ಅಂಕ ಎಸ್‌ಇಇ, ಸೆಮಿಸ್ಟರ್ ಕೊನೆಯಲ್ಲಿ ವಿಶ್ವವಿದ್ಯಾಲಯ ನಡೆಸುವ ಪರೀಕ್ಷೆ. ಈ ಪರೀಕ್ಷೆಯನ್ನು ನೀವು 100 ಅಂಕಗಳಿಗೆ ಬರೆಯುತ್ತೀರಿ, ಅದನ್ನು 50ಕ್ಕೆ ಇಳಿಸುತ್ತಾರೆ.

ಸಿಐಇಯಲ್ಲಿ ಕನಿಷ್ಠ 20 ಬರಬೇಕು. ಬಾರದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸುವುದಿಲ್ಲ. ವಿಷಯವನ್ನು ಮುಂದೆ ಮತ್ತೆ ನೋಂದಾಯಿಸಿಕೊಂಡು ಓದಬೇಕು. ಪಟ್ಟಿಯಲ್ಲಿ ಎನ್‌ಎಸ್‌ಎಸ್‌ಆರ್ ಎಂದು ಕಂಡರೆ ಅದರ ಅರ್ಥ ಇದೇ. ಹಾಜರಿಯ ಕೊರತೆಗೆ ಎನ್‌ಎಸ್‌ಎಆರ್ ಎಂದು ಹಾಕುತ್ತಾರೆ. ಎಸ್‌ಇಇಯಲ್ಲಿ ಕನಿಷ್ಠ 18, ಅಂದರೆ ಬರೆದ ನೂರರಲ್ಲಿ 35. ಎರಡೂ ಸೇರಿ 40 ಇರಬೇಕು.

ಈಗ ಕೂಡಿಸಿ ನೋಡಿ. ಇಪ್ಪತ್ತು ಮತ್ತು ಹದಿನೆಂಟು ಸೇರಿದರೆ ಮೂವತ್ತೆಂಟು. ಎರಡು ಕಡೆಯೂ ಕನಿಷ್ಠ ಅಂಕ ಪಡೆದವರು ಒಟ್ಟಿನಲ್ಲಿ ಅನುತ್ತೀರ್ಣ! ಸಿಐಇಯಲ್ಲಿ ಸರಿಯಾಗಿ 20 ಬಂದಿದ್ದರೆ ಪರೀಕ್ಷೆಯಲ್ಲಿ ನೂರಕ್ಕೆ 35 ಸಾಲದು, 40 ಬೇಕು. ಇದು ತಿಳಿಯದೆ ‘ಪಾಸಾಗುವಷ್ಟು ಬರೆದಿದ್ದೆ’ ಎಂದು ಫಲಿತಾಂಶದ ದಿನ ಕಂಗಾಲಾಗುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಇನ್ನೂ ಒಂದು ಲೆಕ್ಕ. ಪರೀಕ್ಷೆಯ ಅಂಕ ಅರ್ಧಕ್ಕಿಳಿಯುವುದರಿಂದ ಅಸೈನ್‌ಮೆಂಟಿನಲ್ಲಿ ಗಳಿಸಿದ ಒಂದು ಅಂಕ ಪರೀಕ್ಷೆಯಲ್ಲಿ ಬರೆದ ಎರಡು ಅಂಕಕ್ಕೆ ಸಮ. ಅಸೈನ್‌ಮೆಂಟನ್ನು ಕಡೆಯ ರಾತ್ರಿ ಗೆಳೆಯನಿಂದ ನಕಲು ಮಾಡಿ ಕೊಡುವವರು ತಾವು ಎಸೆಯುತ್ತಿರುವುದು ಏನೆಂದು ಯೋಚಿಸಿರುವುದಿಲ್ಲ. ಕಾಲೇಜಿನ ಟೆಸ್ಟುಗಳಿಗೆ ಉತ್ತರವನ್ನು ಬ್ಲೂ ಬುಕ್ ಎಂಬ ಪುಸ್ತಕದಲ್ಲಿ ಬರೆಯುತ್ತೀರಿ. ತಿದ್ದಿದ ಮೇಲೆ ಅದನ್ನು ನಿಮ್ಮ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕುವ ಮುನ್ನ ಅಂಕಗಳನ್ನು ಕೂಡಿ ನೋಡಿ, ತಿದ್ದದೆ ಬಿಟ್ಟ ಪುಟ ಇದೆಯೇ ನೋಡಿ, ಇದ್ದರೆ ಅಲ್ಲೇ ವಿನಯದಿಂದ ತೋರಿಸಿ. ಸಹಿಯಾದ ಮೇಲೆ ತಕರಾರಿಗೆ ಬೆಲೆ ಕಡಿಮೆ.

ಹಾಜರಿ ಶೇ 85 ಇರಬೇಕು. ಅನಾರೋಗ್ಯದಂಥ ತಕ್ಕ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ 10ರವರೆಗೆ ವಿನಾಯಿತಿ ಸಿಗಬಹುದು. ಸಿಗಬಹುದು ಎಂಬುದನ್ನು ಸಿಗುತ್ತದೆ ಎಂದು ಓದಿಕೊಳ್ಳಬೇಡಿ. ಶೇಕಡಾ ಲೆಕ್ಕ ಉದಾರವಾಗಿ ಕಾಣುತ್ತದೆ, ಪೀರಿಯಡ್ಡುಗಳಿಗೆ ಇಳಿಸಿದರೆ ನಿಜ ತಿಳಿಯುತ್ತದೆ. ಒಂದು ವಿಷಯಕ್ಕೆ 40 ತರಗತಿ ನಡೆದರೆ 34ಕ್ಕೆ ಹಾಜರಿರಬೇಕು, ತಪ್ಪಿಸಬಹುದಾದದ್ದು ಆರೇ ಆರು. ಶನಿವಾರ ಬಿಟ್ಟು ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಬರುವ ಅಭ್ಯಾಸವಾದರೆ ನಾಲ್ಕು ಸಲಕ್ಕೆ ಖಾತೆ ಬರಿದಾಗುತ್ತದೆ. ಲ್ಯಾಬ್ ಇನ್ನೂ ಬಿಗಿ. ವಾರಕ್ಕೊಂದರಂತೆ 12 ಲ್ಯಾಬ್ ನಡೆದರೆ ಎರಡು ತಪ್ಪಿದ ಕೂಡಲೇ ನೀವು 85ರ ಕೆಳಗೆ. ಎನ್‌ಎಸ್‌ಎಸ್, ಕ್ರೀಡೆ, ಫೆಸ್ಟ್ ಕೆಲಸಕ್ಕೆ ಹೋದ ದಿನಗಳ ಹಾಜರಿ ತಾನಾಗಿ ಬರುವುದಿಲ್ಲ. ಸಂಬಂಧಪಟ್ಟ ಅಧ್ಯಾಪಕರ ಸಹಿಯೊಂದಿಗೆ ಪತ್ರ ಕೊಟ್ಟು ಹಾಕಿಸಿಕೊಳ್ಳಬೇಕು, ಅದೂ ಅದೇ ವಾರ.

ಮಾಸ್ ಬಂಕ್ ಬಗ್ಗೆ: ಇಡೀ ತರಗತಿ ಹೊರಗುಳಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಹೇಳುವವರ ಹಾಜರಿ ಶೇ 95 ಇರುತ್ತದೆ. ನಿಮ್ಮದು 86 ಇದ್ದರೆ ಅವರೊಂದಿಗೆ ಸಿನಿಮಾಕ್ಕೆ ಹೋಗುವ ಮುನ್ನ ಎಣಿಸಿ.

5. ತರಗತಿಯೊಳಗೆ: ಭಾಷೆ ಮತ್ತು ಬಾಯಿ

ಕನ್ನಡ ಮಾಧ್ಯಮದಿಂದ ಬಂದವರು ಪಿಯು ವಿಜ್ಞಾನದ ಎರಡು ವರ್ಷವನ್ನು ಇಂಗ್ಲಿಷಿನಲ್ಲೇ ಓದಿರುತ್ತೀರಿ. ಆದ್ದರಿಂದ ಓದುವುದು ಅಂಥ ತೊಂದರೆಯಲ್ಲ. ತೊಡಕಾಗುವುದು ಕೇಳುವುದು ಮತ್ತು ಮಾತನಾಡುವುದು. ಪಿಯು ಉಪನ್ಯಾಸಕರು ನಡುನಡುವೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ತರಗತಿಯಲ್ಲಿ ಬೇರೆ ರಾಜ್ಯದವರೂ ಇರುವುದರಿಂದ ಅದು ನಿಂತುಹೋಗಿರುತ್ತದೆ, ವೇಗವೂ ಹೆಚ್ಚು.

ಹೀಗೆ ಮಾಡಿ. ನಾಳಿನ ಪಾಠದ ಶೀರ್ಷಿಕೆಯನ್ನು ಲೆಸನ್ ಪ್ಲಾನ್‌ನಲ್ಲಿ ನೋಡಿಕೊಂಡು ರಾತ್ರಿ ಹದಿನೈದು ನಿಮಿಷ ಪುಸ್ತಕದಲ್ಲಿ ಅದರ ಮೊದಲ ಎರಡು ಪುಟ ತಿರುವಿಹಾಕಿ. ಅರ್ಥವಾಗಬೇಕೆಂದಿಲ್ಲ, ಪದಗಳು ಕಣ್ಣಿಗೆ ಬಿದ್ದಿದ್ದರೆ ಸಾಕು. ಮರುದಿನ ಅವೇ ಪದಗಳು ಕಿವಿಗೆ ಬಿದ್ದಾಗ ತಬ್ಬಿಬ್ಬಾಗುವುದಿಲ್ಲ. ತರಗತಿಯಲ್ಲಿ ಎರಡನೆಯ ಅಥವಾ ಮೂರನೆಯ ಬೆಂಚಿನಲ್ಲಿ ಕೂರಿ. ಕೊನೆಯ ಬೆಂಚಿನ ಸುಖ ಬೇರೆ, ಒಪ್ಪುತ್ತೇನೆ, ಅದಕ್ಕೆ ಇನ್ನೂ ಮೂರು ವರ್ಷಗಳಿವೆ. ಬೋರ್ಡಿನಲ್ಲಿದ್ದದ್ದನ್ನು ಪೂರ್ತಿ ಬರೆದುಕೊಳ್ಳುವ ಹಟ ಬಿಡಿ. ತಿಳಿಯದ ಸಾಲಿನ ಪಕ್ಕ ಗುರುತು ಹಾಕಿ, ಅಂಚಿನಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದುಕೊಳ್ಳಿ. ನಿಮ್ಮ ನೋಟ್ಸ್ ಯಾವ ಭಾಷೆಯಲ್ಲಿದೆ ಎಂದು ಯಾರೂ ತಪಾಸಣೆ ಮಾಡುವುದಿಲ್ಲ.

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ತನ್ನ ಇ-ಕುಂಭ್ ಜಾಲತಾಣದಲ್ಲಿ ಎಂಜಿನಿಯರಿಂಗ್ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಉಚಿತವಾಗಿ ಕೊಡುತ್ತಿದೆ. ಪರೀಕ್ಷೆಗೆ ಅದನ್ನೇ ನೆಚ್ಚಿಕೊಳ್ಳಲಾಗದು, ಅಧ್ಯಾಯಗಳ ಜೋಡಣೆ ನಿಮ್ಮ ಪಠ್ಯಕ್ರಮದ್ದಲ್ಲ. ಆದರೆ ಒಂದು ಪರಿಕಲ್ಪನೆ ತಲೆಗೆ ಹತ್ತದಿದ್ದಾಗ ತೆರೆದು ನೋಡಲು ಒಳ್ಳೆಯದು. ಐಐಟಿ ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ವಿಡಿಯೊ ಪಾಠಗಳನ್ನು ಮೊದಲ ಸೆಮಿಸ್ಟರ್‌ನಲ್ಲೇ ಪೂರ್ತಿ ನೋಡಲು ಹೋಗಬೇಡಿ. ಬೇಕಾದ ಒಂದು ಪಾಠವನ್ನಷ್ಟೇ ಆರಿಸಿಕೊಳ್ಳಿ.

ವೈವಾ ಎಂದರೆ ಲ್ಯಾಬ್‌ನಲ್ಲಿ ನಡೆಯುವ ಮೌಖಿಕ ಪರೀಕ್ಷೆ. ಉತ್ತರ ಗೊತ್ತಿದ್ದೂ ಬಾಯಿ ಕಟ್ಟುವ ಜಾಗ ಇದು. ಪ್ರತಿ ಪ್ರಯೋಗಕ್ಕೂ ನಾಲ್ಕು ಪ್ರಶ್ನೆಗಳು ಖಚಿತ: ಪ್ರಯೋಗದ ಉದ್ದೇಶವೇನು, ಯಾವ ತತ್ತ್ವ, ಯಾವ ಸೂತ್ರ ಮತ್ತು ಅದರಲ್ಲಿನ ಪ್ರತಿ ಅಕ್ಷರದ ಅರ್ಥ, ಫಲಿತಾಂಶದ ಏಕಮಾನ. ಈ ನಾಲ್ಕಕ್ಕೂ ಐದಾರು ಪದಗಳ ಇಂಗ್ಲಿಷ್ ವಾಕ್ಯ ಬರೆದು ಕೊಠಡಿಯ ಗೆಳೆಯನೆದುರು ಗಟ್ಟಿಯಾಗಿ ಹೇಳಿ ನೋಡಿ. ಗಟ್ಟಿಯಾಗಿ ಹೇಳದೆ ಮನಸ್ಸಿನಲ್ಲೇ ಓದಿಕೊಂಡರೆ ಪ್ರಯೋಜನವಿಲ್ಲ. ಉದ್ದನೆಯ ವಾಕ್ಯದ ಗೊಡವೆ ಬೇಡ. ಪರೀಕ್ಷಕರು ನೋಡುವುದು ವಿಷಯವನ್ನು, ಉಚ್ಚಾರಣೆಯನ್ನಲ್ಲ.

ಸಂದೇಹವಿದ್ದರೆ ತರಗತಿ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ. ‘ಸರ್, ಇದನ್ನು ಕನ್ನಡದಲ್ಲಿ ಒಮ್ಮೆ ಹೇಳುತ್ತೀರಾ?’ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಕನ್ನಡ ಬಲ್ಲ ಅಧ್ಯಾಪಕರು ಸಾಮಾನ್ಯವಾಗಿ ಖುಷಿಯಿಂದಲೇ ಹೇಳುತ್ತಾರೆ. ಆದರೆ ‘ಏನೂ ಅರ್ಥವಾಗಲಿಲ್ಲ’ ಎಂದು ಹೋಗಬೇಡಿ. ಪುಟ ತೆರೆದು, ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿಯವರೆಗೆ ಬಂತು, ಇದರ ಮುಂದೆ ಬರಲಿಲ್ಲ’ ಎಂದು ತೋರಿಸಿ.

6. ಹೊಸಬರನ್ನು ಹೆಚ್ಚು ಕಾಡುವ ಎರಡು ವಿಷಯಗಳು

ಮೊದಲನೆಯದು ಸಿ ಪ್ರೋಗ್ರಾಮಿಂಗ್. ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದವರು ಪಕ್ಕದಲ್ಲಿ ಚಕಚಕನೆ ಟೈಪಿಸುತ್ತಿದ್ದರೆ ಜೀವವಿಜ್ಞಾನ ಓದಿ ಬಂದವರಿಗೆ ಜಂಘಾಬಲ ಉಡುಗುತ್ತದೆ. ಅವರ ಮುನ್ನಡೆ ಎರಡು ತಿಂಗಳದ್ದು ಮಾತ್ರ. ಪ್ರೋಗ್ರಾಮನ್ನು ಬಾಯಿಪಾಠ ಮಾಡುವುದು ಇಲ್ಲಿ ಎಲ್ಲರೂ ಬೀಳುವ ಹಳ್ಳ. ಬದಲಿಗೆ ಕಾಗದದ ಮೇಲೆ ಪ್ರತಿ ಸಾಲಿಗೂ ಚರಗಳ ಬೆಲೆ ಏನಾಯಿತು ಎಂದು ಬರೆಯುತ್ತ ಹೋಗಿ. ಲೂಪ್ ಮೂರು ಸುತ್ತು ಹಾಕುವಷ್ಟರಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಅಭ್ಯಾಸಕ್ಕೆ ಕಾಲೇಜಿನ ಲ್ಯಾಬ್ ಇದೆ, ಮೊಬೈಲಿನಲ್ಲೂ ಸಿ ಕಂಪೈಲರ್ ಓಡುತ್ತದೆ. ಲ್ಯಾಪ್‌ಟಾಪ್ ಬೇಡವೆಂದದ್ದು ಇದಕ್ಕೇ. ಬೇಕೇಬೇಕು ಅನ್ನಿಸಿದರೂ ಒಂದು ಸೆಮಿಸ್ಟರ್ ಕಾದು, ನಿಮ್ಮ ವಿಭಾಗಕ್ಕೆ ಯಾವ ತಂತ್ರಾಂಶ ಬೇಕೆಂದು ತಿಳಿದ ಮೇಲೆ ಕೊಳ್ಳಿ. ಅಪ್ಪ ಸಾಲ ಮಾಡಿ ಕೊಡಿಸಿದ ಗೇಮಿಂಗ್ ಲ್ಯಾಪ್‌ಟಾಪ್ ಹೆಚ್ಚಾಗಿ ಅದರ ಹೆಸರಿನ ಕೆಲಸವನ್ನೇ ಮಾಡುತ್ತದೆ.

ಎರಡನೆಯದು ಎಂಜಿನಿಯರಿಂಗ್ ಡ್ರಾಯಿಂಗ್. ವಸ್ತುವನ್ನು ಮುಂದಿನಿಂದ, ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಚಿತ್ರಿಸಬೇಕು. ಮನಸ್ಸಿನಲ್ಲಿ ಅದು ಮೂಡದೆ ಕೈ ಓಡುವುದಿಲ್ಲ. ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಗೋಡೆಗೆ ಒತ್ತಿಟ್ಟ ಮೇಜಿನ ಮೇಲಿಡಿ. ಎದುರಿನಿಂದ ನೋಡಿದಾಗ ಹಿಂದಿನ ಗೋಡೆಯ ಮೇಲೆ ಮೂಡುವ ಆಕಾರ ಮುನ್ನೋಟ. ನೇರ ಮೇಲಿನಿಂದ ನೋಡಿದಾಗ ಮೇಜಿನ ಮೇಲೆ ಮೂಡುವುದು ಮೇಲ್ನೋಟ. ಈಗ ಮೇಜನ್ನು ಗೋಡೆಯ ಅಂಚಿನಿಂದ ಕೆಳಕ್ಕೆ ಮಡಚಿದಂತೆ ಊಹಿಸಿಕೊಳ್ಳಿ: ಮೇಲ್ನೋಟ ಮುನ್ನೋಟದ ಕೆಳಗೆ ಬಂತು. ಹಾಳೆಯಲ್ಲಿ ಎರಡು ಚಿತ್ರಗಳ ನಡುವೆ ಎಳೆಯುವ ಎಕ್ಸ್‌ವೈ ಗೆರೆ ಆ ಮಡಿಕೆಯೇ. ಪೊಟ್ಟಣವನ್ನು ಓರೆಯಾಗಿ ತಿರುಗಿಸಿ ಮತ್ತೆ ನೋಡಿ, ಮತ್ತೆ ಬರೆಯಿರಿ. ಒಂದು ಸಂಜೆ ಇದಕ್ಕೆ ಕೊಟ್ಟರೆ ಸೆಮಿಸ್ಟರ್ ಹಗುರವಾಗುತ್ತದೆ.

ವಿಶ್ವವಿದ್ಯಾಲಯದ ಥಿಯರಿ ಪ್ರಶ್ನೆಪತ್ರಿಕೆಯ ಚೌಕಟ್ಟನ್ನೂ ಈಗಲೇ ತಿಳಿದುಕೊಳ್ಳಿ: ಐದು ಮಾಡ್ಯೂಲ್, ಪ್ರತಿಯೊಂದರಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ. ಒಂದು ಮಾಡ್ಯೂಲನ್ನು ಪೂರ್ತಿ ಕೈಬಿಟ್ಟರೆ 20 ಅಂಕ ಮೊದಲೇ ಹೋಯಿತು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಕೊನೆಗೆ ನೋಡುವ ಬದಲು ಮಾಡ್ಯೂಲ್ ಮುಗಿದಾಗಲೆಲ್ಲ ನೋಡಿ.

ಎಸ್‌ಜಿಪಿಎ ಎಂಬುದು ಹತ್ತಕ್ಕೆ ಲೆಕ್ಕ ಹಾಕುವ ಸೆಮಿಸ್ಟರ್ ಸರಾಸರಿ. ಇದರಲ್ಲಿ ಕ್ರೆಡಿಟ್‌ಗೆ, ಅಂದರೆ ಪ್ರತಿ ವಿಷಯಕ್ಕೂ ಪಠ್ಯಕ್ರಮ ಗೊತ್ತುಮಾಡಿದ ಅಂಕಿಗೆ, ತಕ್ಕ ತೂಕ. ನಾಲ್ಕು ಕ್ರೆಡಿಟ್‌ನ ಗಣಿತದಲ್ಲಿ ಒಂದು ಗ್ರೇಡ್ ಏರಿದರೆ ಬರುವ ಲಾಭ ಒಂದು ಕ್ರೆಡಿಟ್‌ನ ವಿಷಯದ ನಾಲ್ಕು ಪಟ್ಟು. ಮನೆಯವರಿಗೂ ಇದನ್ನು ಬಿಡಿಸಿ ಹೇಳಿ, ಇಲ್ಲದಿದ್ದರೆ ಪಿಯುಸಿಯ 92 ಎಲ್ಲಿ ಹೋಯಿತು ಎಂದು ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ.

7. ವಿದ್ಯಾರ್ಥಿವೇತನ ಮತ್ತು ಕೈಖರ್ಚು

ರಾಜ್ಯ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ ಅರ್ಜಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ, ವಸತಿಯ ನೆರವು ಕೊಡುವ ವಿದ್ಯಾಸಿರಿಯೂ ಇದರಲ್ಲೇ. ಅರ್ಜಿ ತಿರಸ್ಕೃತವಾಗುವುದು ಅಥವಾ ಹಣ ಬಾರದಿರುವುದು ಹೆಚ್ಚಾಗಿ ಈ ಕಾರಣಗಳಿಗೆ:

ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇರುತ್ತದೆ. ಅದನ್ನು ತಪ್ಪಾಗಿ ಹೊಡೆಯುವುದು, ಅಥವಾ ಅವಧಿ ಮುಗಿದ ಪ್ರಮಾಣಪತ್ರದ ಸಂಖ್ಯೆ ಕೊಡುವುದು. ನಾಡಕಚೇರಿಯಲ್ಲಿ ಹೊಸದು ಮಾಡಿಸಲು ಸಮಯ ಹಿಡಿಯುತ್ತದೆ.

ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರೂ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿಯನ್ನು ನೋಡಿಕೊಳ್ಳುವ ಸಂಸ್ಥೆ) ಜೋಡಣೆ ಆಗದಿರುವುದು. ಇವೆರಡು ಬೇರೆ. ಸರ್ಕಾರದ ಹಣ ಆಧಾರ್ ಸಂಖ್ಯೆಗೆ ಎನ್‌ಪಿಸಿಐ ಪಟ್ಟಿಯಲ್ಲಿ ಜೋಡಣೆಯಾದ ಖಾತೆಗೇ ಹೋಗುತ್ತದೆ. ಬ್ಯಾಂಕಿಗೆ ಹೋಗಿ ‘ಆಧಾರ್ ಸೀಡಿಂಗ್ ಆಗಿದೆಯೇ’ ಎಂದೇ ಕೇಳಿ. ಎಂದೋ ತೆರೆದು ಮರೆತ ಹಳೆಯ ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೇ ಹೋಗಿ ಕೂತಿರುತ್ತದೆ.

ಮೂರನೆಯದು, ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನ ಹಂತದ ಪರಿಶೀಲನೆ ಬಾಕಿ ಉಳಿಯುವುದು. ಅರ್ಜಿ ಯಾವ ಹಂತದಲ್ಲಿದೆ ಎಂದು ಜಾಲತಾಣದಲ್ಲೇ ಕಾಣುತ್ತದೆ. ನಿಂತಿದ್ದರೆ ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರನ್ನು ಭೇಟಿ ಮಾಡಿ, ಬೇಕಾದರೆ ಮತ್ತೆ ಮಾಡಿ. ನಾಚಿಕೆಪಡಬೇಡಿ.

ತಿಂಗಳ ಖರ್ಚಿಗೆ ಬಂದ ಹಣವನ್ನು ಯುಪಿಐ ಇರುವ ಖಾತೆಯಲ್ಲಿ ಪೂರ್ತಿ ಇಡದೆ ವಾರವಾರಕ್ಕೆ ಹಾಕಿಕೊಳ್ಳಿ. ಹತ್ತು, ಇಪ್ಪತ್ತು ರೂಪಾಯಿಯ ಸ್ಕ್ಯಾನುಗಳು ತಿಂಗಳ ಕೊನೆಗೆ ಎಲ್ಲಿ ಹೋದವೆಂದು ತಿಳಿಯುವುದೇ ಇಲ್ಲ. ಮೊಬೈಲಿನ ದಿಢೀರ್ ಸಾಲದ ಆ್ಯಪ್‌ಗಳು, ಬೆಟ್ಟಿಂಗ್ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಇನ್ನೊಂದು ಹೊಸ ಬಲೆ ಇದೆ: ‘ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ’ ಎನ್ನುವವರು. ಆ ಖಾತೆಯಲ್ಲಿ ಓಡಾಡುವುದು ವಂಚನೆಯ ಹಣ, ಪೊಲೀಸರು ಬರುವುದು ಖಾತೆದಾರನ ಮನೆಗೆ. ಸಿಮ್ ಕಾರ್ಡ್, ಎಟಿಎಂ ಕಾರ್ಡ್, ಪಾಸ್‌ಬುಕ್ ಯಾರಿಗೂ ಕೊಡಬೇಡಿ, ಕೊಠಡಿಯ ಗೆಳೆಯನಿಗೂ.

8. ರ‍್ಯಾಗಿಂಗ್, ಒಂಟಿತನ

ಪ್ರವೇಶದ ಸಮಯದಲ್ಲಿ ನೀವೂ ಪೋಷಕರೂ ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರ ಸಲ್ಲಿಸಿರುತ್ತೀರಿ. 2009ರ ಯುಜಿಸಿ ನಿಯಮಾವಳಿಯಂತೆ ಪ್ರತಿ ಕಾಲೇಜಿನಲ್ಲೂ ಇದಕ್ಕೊಂದು ಸಮಿತಿ ಇರಬೇಕು. ಹೆಸರು, ಊರು ಕೇಳಿ ಪರಿಚಯ ಮಾಡಿಕೊಳ್ಳುವ ಸೀನಿಯರ್‌ಗಳೇ ಹೆಚ್ಚು, ಅವರನ್ನು ಕಂಡು ಹೆದರಬೇಕಿಲ್ಲ. ಪುಸ್ತಕ, ರೆಕಾರ್ಡ್, ಸಲಹೆ ಸಿಗುವುದು ಅವರಿಂದಲೇ. ಆದರೆ ನಿಮ್ಮ ಕೈಯಲ್ಲಿ ಬಲವಂತವಾಗಿ ಏನನ್ನಾದರೂ ಮಾಡಿಸುವುದು, ಅವರ ರೆಕಾರ್ಡ್ ಬರೆಸುವುದು, ದುಡ್ಡು ಕೇಳುವುದು, ಜಾತಿ ಅಥವಾ ಭಾಷೆ ಹಿಡಿದು ಹೀಯಾಳಿಸುವುದು ರ‍್ಯಾಗಿಂಗ್. ತಮಾಷೆ ಎಂದು ಅವರು ಹೆಸರಿಟ್ಟ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ದಿನ, ಸಮಯ, ಜಾಗ ಬರೆದಿಟ್ಟುಕೊಂಡು ಮೆಂಟರ್‌ಗೆ ಅಥವಾ ವಾರ್ಡನ್‌ಗೆ ತಿಳಿಸಿ. ಅಲ್ಲಿ ಹೇಳಲು ಹೆದರಿಕೆಯಾದರೆ ದಿನದ 24 ಗಂಟೆಯೂ ಇರುವ ರಾಷ್ಟ್ರೀಯ ಸಹಾಯವಾಣಿ 1800-180-5522.

ಊರಿನ ನೆನಪು ಮೊದಲ ತಿಂಗಳು ಎಲ್ಲರಿಗೂ ಕಾಡುತ್ತದೆ, ನಗುತ್ತ ಓಡಾಡುವವರಿಗೂ. ಪ್ರತಿ ವಾರ ಊರಿಗೆ ಓಡಿದರೆ ಅದು ಇಳಿಯುವುದಿಲ್ಲ, ಪ್ರತಿ ಸೋಮವಾರ ಹೊಸದಾಗಿ ಶುರುವಾಗುತ್ತದೆ. ಮೊದಲ ಇಂಟರ್ನಲ್ಸ್ ಮುಗಿಯುವವರೆಗೆ ಹೋಗದೆ ಇರಲು ನೋಡಿ. ಮನೆಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಮಾತನಾಡಿ. ಸಂಜೆ ಕೊಠಡಿಯಲ್ಲೇ ಕೂರದೆ ಕನ್ನಡ ಸಂಘ, ಎನ್‌ಎಸ್‌ಎಸ್, ಆಟದ ಮೈದಾನ ಯಾವುದಾದರೂ ಒಂದಕ್ಕೆ ಸೇರಿ. ಅಂದಹಾಗೆ, ಪದವಿ ಪಡೆಯಲು ನಾಲ್ಕು ವರ್ಷಗಳಲ್ಲಿ ಎಐಸಿಟಿಇಯ 100 ಚಟುವಟಿಕೆ ಅಂಕಗಳೂ ಬೇಕು. ಸಮಾಜಸೇವೆಯ ಇಂಥ ಕೆಲಸಗಳನ್ನು ಮೊದಲ ವರ್ಷದಿಂದ ದಾಖಲಿಸಿಕೊಂಡು ಬಂದರೆ ಕೊನೆಯ ವರ್ಷ ಪರದಾಡಬೇಕಿಲ್ಲ.

ನಿದ್ದೆ ಬಾರದಿರುವುದು, ಊಟ ಸೇರದಿರುವುದು, ತರಗತಿಗೆ ಹೋಗಲು ಕಾಲೇ ಏಳದಿರುವುದು ಎರಡು ವಾರ ಮೀರಿ ನಡೆದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕಬೇಡಿ. ಮೆಂಟರ್ ಅಥವಾ ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

9. ಮೊದಲ ಫಲಿತಾಂಶ ಬಂದಾಗ

ಒಂದು ವಿಷಯ ಉಳಿದರೆ ಅದನ್ನು ಬ್ಯಾಕ್‌ಲಾಗ್ ಅಥವಾ ಚಿಕ್ಕದಾಗಿ ಬ್ಯಾಕ್ ಎನ್ನುತ್ತಾರೆ. ಎಸ್‌ಇಇಯಲ್ಲಿ ಮಾತ್ರ ಕಡಿಮೆಯಾಗಿದ್ದರೆ ನಿಮ್ಮ ಸಿಐಇ ಅಂಕ ಹಾಗೆಯೇ ಉಳಿಯುತ್ತದೆ, ಪರೀಕ್ಷೆಯನ್ನಷ್ಟೇ ಮತ್ತೆ ಬರೆಯಬೇಕು. ಮನೆಯಲ್ಲಿ ಅದೇ ದಿನ ಹೇಳಿಬಿಡಿ. ಮುಚ್ಚಿಟ್ಟರೆ ಪರೀಕ್ಷಾ ಶುಲ್ಕ ಕೇಳುವಾಗ ಸುಳ್ಳಿನ ಮೇಲೆ ಸುಳ್ಳು ಪೇರಿಸಬೇಕಾಗುತ್ತದೆ. ಮುಂದಿನ ವರ್ಷಕ್ಕೆ ಎಷ್ಟು ವಿಷಯ ಉಳಿಸಿಕೊಂಡು ಹೋಗಬಹುದು ಎಂಬುದಕ್ಕೆ ಮಿತಿ ಇದೆ. ನಿಮ್ಮ ಸ್ಕೀಮ್‌ನ ನಿಯಮಾವಳಿಯಲ್ಲಿ ಅದನ್ನು ಹುಡುಕಿ ಓದಿ. ಸೀನಿಯರ್‌ಗಳ ಬಾಯಿಮಾತು ಅವರ ಸ್ಕೀಮ್‌ನದು.

ಅಂಕ ನಿರೀಕ್ಷೆಗಿಂತ ತೀರ ಕಡಿಮೆ ಎನ್ನಿಸಿದರೆ ಉತ್ತರಪತ್ರಿಕೆಯ ಛಾಯಾಪ್ರತಿ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಕೊಡುವ ಗಡುವು ಕೆಲವೇ ದಿನಗಳದ್ದು, ಆದ್ದರಿಂದ ಫಲಿತಾಂಶದ ವಾರ ಕಾಲೇಜಿನ ಪರೀಕ್ಷಾ ವಿಭಾಗದ ನೋಟಿಸುಗಳನ್ನು ದಿನವೂ ನೋಡಿ. ಅವಕಾಶವಿದ್ದರೆ ಛಾಯಾಪ್ರತಿಯನ್ನು ಮೊದಲು ತರಿಸಿ, ವಿಷಯ ಕಲಿಸಿದ ಅಧ್ಯಾಪಕರಿಗೆ ತೋರಿಸಿ, ಅಂಕ ಏರುವ ಸಂಭವವಿದೆ ಎಂದು ಅವರು ಹೇಳಿದರೆ ಮಾತ್ರ ಮರುಮೌಲ್ಯಮಾಪನದ ದುಡ್ಡು ಕಟ್ಟಿ. ಕಟ್ಟಿದ ಮೇಲೂ ಆ ವಿಷಯದ ಪುಸ್ತಕ ಮುಚ್ಚಬೇಡಿ. ಅದರ ಫಲಿತಾಂಶ ಬರುವ ಮೊದಲೇ ಮುಂದಿನ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಬಂದುಬಿಡಬಹುದು. ಆಗ ಆ ವಿಷಯವನ್ನೂ ಸೇರಿಸಿ ಶುಲ್ಕ ಕಟ್ಟಿ, ಎರಡೂ ರಸೀದಿಗಳನ್ನು ಅದೇ ಗಟ್ಟಿ ಫೈಲಿನಲ್ಲಿಡಿ.